ಕೂಗು ಬಾರದ ಫೋನು

ನಮ್ಮ ಕೇರಿಯ ಎಲ್ಲ ಮನೆಗಳಿಗೂ ಒಂದೇ ಫೋನ್ ನಂಬರು. ಪೇಟೆಯವರು ಕೇಳಿದರೆ ನಗುತ್ತಾರೆ. ಆದರೆ ಕವಲೇದುರ್ಗದ ಬುಡದಲ್ಲಿ, ತೀರ್ಥಹಳ್ಳಿಯ ಬಸ್ಸು ನಮ್ಮನ್ನು ಇಳಿಸಿ ಮುಂದೆ ಹೋಗುವ ಆ ತಿರುವಿನಲ್ಲಿ, ಅದರಲ್ಲಿ ನಗುವಂಥದ್ದೇನೂ ಇಲ್ಲ. ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಸಿಗ್ನಲ್ ಮಾತ್ರ ಯಾರ ಮನೆಯೊಳಗೂ ಬರುವುದಿಲ್ಲ. ತಿರುವಿನ ಮೋರಿ ಕಟ್ಟೆಯ ಮೇಲೆ ಹೋಗಿ ಕೂತರೆ ಎರಡು ಕಡ್ಡಿ ಕಾಣುತ್ತದೆ, ಅಷ್ಟೆ. ಹೀಗಾಗಿ ಗ್ಯಾಸ್ ಏಜೆನ್ಸಿಯವರು ಕೇಳಲಿ, ಆಸ್ಪತ್ರೆಯವರು ಕೇಳಲಿ, ಹೆಣ್ಣು ನೋಡಿ ಹೋದವರು ಕೇಳಲಿ, ನಾವೆಲ್ಲರೂ ಕೊಡುವುದು ಟೀಚರ ಮನೆಯ ಲ್ಯಾಂಡ್‌ಲೈನ್ ನಂಬರನ್ನೇ.

ಟೀಚರ್ ಎಂದರೆ ನಮ್ಮೂರ ಪ್ರಾಥಮಿಕ ಶಾಲೆಯಲ್ಲಿ ನನಗೂ, ನನ್ನ ಗಂಡನಿಗೂ, ಕೇರಿಯ ಅರ್ಧ ಜನಕ್ಕೂ ಅಕ್ಷರ ಕಲಿಸಿ ನಿವೃತ್ತರಾದವರು. ನಮ್ಮ ಮನೆಯಿಂದ ಸ್ವಲ್ಪ ಏರಿನಲ್ಲಿ ಅವರ ಮನೆ, ಅಂಗಳದ ತುಂಬ ಡೇರೆ ಹೂವು. ಫೋನು ಬಂದರೆ ಅವರು ಅಂಗಳದ ತುದಿಗೆ ಬಂದು ಕೂಗು ಹಾಕುತ್ತಾರೆ. ಕೆಳಗಿನ ಮನೆಗೆ ಒಂದು ಕೂ, ನಮಗೆ ಎರಡು, ಮೋರಿಯಾಚೆಯವರಿಗೆ ಉಸಿರು ಇರುವಷ್ಟು ಉದ್ದದ ಒಂದು ಕೂ. ಕೂಗು ಯಾರಿಗೇ ಬಂದರೂ ಎಲ್ಲ ಮನೆಯವರೂ ಕೈಯ ಕೆಲಸ ಬಿಟ್ಟು ಒಂದು ಗಳಿಗೆ ಕಿವಿ ಕೊಡುತ್ತೇವೆ. ಯಾರಿಗೆ ಫೋನು, ಯಾಕಿರಬಹುದು ಎಂದು ಊಹಿಸುವುದು ನಮಗೊಂದು ಖುಷಿ, ಅದರಲ್ಲೂ ನನಗೆ.

ನನ್ನದು ಎಲ್ಲದರಲ್ಲೂ ಮೂಗು ತೂರಿಸುವ ಸ್ವಭಾವ. ಅಮ್ಮ ಬೈದು ನೋಡಿದಳು, ಅತ್ತೆ ಬೈದು ನೋಡಿದರು, ಬಿಡಲಿಲ್ಲ. ಬ್ಲೌಸು ಹೊಲಿಯುವ ಕೆಲಸಕ್ಕೆ ಈ ಗುಣ ಒಳ್ಳೆಯದೇ ಆಯಿತು. ಅಳತೆ ತೆಗೆಯುವಷ್ಟು ಹೊತ್ತಿನಲ್ಲಿ ಒಂದು ಮನೆಯ ಕಥೆಯೆಲ್ಲ ಹೊರಗೆ ಬರುತ್ತದೆ. ಆದರೆ ಸಾಲ ವಸೂಲಿಯವರ ಜೊತೆಗೂ ಇದೇ ಗುಣ ಕೈಹಿಡಿಯುತ್ತದೆ ಎಂದು ನಾನು ಎಣಿಸಿರಲಿಲ್ಲ.

ಸಾಲ ಮಾಡಿದ್ದು ಎಂಬ್ರಾಯ್ಡರಿ ಮಿಷನ್ನಿಗೆ. ಕಂಪ್ಯೂಟರಿನಲ್ಲಿ ಡಿಸೈನ್ ಕೊಟ್ಟರೆ ತಾನೇ ನವಿಲನ್ನೂ ಬಳ್ಳಿಯನ್ನೂ ಹಾಕುವ ಮಿಷನ್. ಮದುವೆ ಬ್ಲೌಸಿಗೆ ಈಗ ಅದಿಲ್ಲದಿದ್ದರೆ ಗಿರಾಕಿ ತೀರ್ಥಹಳ್ಳಿಗೇ ಹೋಗುತ್ತಾರೆ. ನನ್ನ ಗಂಡ ಪಂಚಾಯಿತಿಯಲ್ಲಿ ನೀರು ಬಿಡುವ ಕೆಲಸದವರು. ಅವರ ಸಂಬಳದಲ್ಲಿ ಮಿಷನ್ ಬರುವ ಹಾಗಿರಲಿಲ್ಲ. ಆಗ ತೀರ್ಥಹಳ್ಳಿಯಲ್ಲೊಂದು ಫೈನಾನ್ಸ್ ಕಚೇರಿ ಇತ್ತು. ಬಂಗಾರ ಇಡಬೇಕಾಗಿಲ್ಲ, ಜಾಗದ ಪತ್ರ ಬೇಡ, ಆಧಾರ್ ಕಾರ್ಡು ತೋರಿಸಿದರೆ ಸಾಲ. ಗುರುತಿನವರಿಬ್ಬರ ನಂಬರ್ ಕೊಡಿ ಎಂದರು. ಒಂದು ನನ್ನ ಅಣ್ಣನದು ಕೊಟ್ಟೆ. ಇನ್ನೊಂದಕ್ಕೆ ಬಾಯಿಪಾಠವಾಗಿದ್ದ ಟೀಚರ ಮನೆಯ ನಂಬರು ತಾನಾಗಿಯೇ ಬಂತು. ಗ್ಯಾಸಿಗೆ ಕೊಟ್ಟ ಹಾಗೆ ಇದಕ್ಕೂ ಕೊಟ್ಟೆ. ಅವರನ್ನು ಕೇಳಬೇಕೆಂದು ಹೊಳೆಯಲೇ ಇಲ್ಲ. ನಮ್ಮಲ್ಲಿ ಯಾರಿಗೂ ಹೊಳೆಯುವುದಿಲ್ಲ.

ಮಿಷನ್ ಬಂತು, ಒಂದು ವರ್ಷ ಕಂತು ಸರಿಯಾಗಿ ಹೋಯಿತು. ಮುಂದಿನ ಬೇಸಿಗೆಯ ಕೊನೆಗೆ, ಮಳೆಗಾಲ ಹಿಡಿಯುವ ಮುಂಚಿನ ಗುಡುಗಿನಲ್ಲಿ, ಎಲ್ಲಿಗೋ ಬಡಿದ ಸಿಡಿಲು ಕರೆಂಟಿನ ತಂತಿ ಹಿಡಿದು ನಮ್ಮ ಮನೆಗೂ ಬಂತು. ಗುಡುಗಿದ ಕೂಡಲೇ ಎಲ್ಲ ಪ್ಲಗ್ ಕಿತ್ತು ಹಾಕುವುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಅವತ್ತು ನಾನು ತೀರ್ಥಹಳ್ಳಿಗೆ ದಾರ ತರಲು ಹೋಗಿದ್ದೆ. ಬಂದು ನೋಡಿದರೆ ಮಿಷನ್ನಿನ ಬೋರ್ಡು ಸುಟ್ಟು ವಾಸನೆ ಹೊಡೆಯುತ್ತಿತ್ತು. ಗ್ಯಾರಂಟಿಯಲ್ಲಿ ಸಿಡಿಲು ಸೇರುವುದಿಲ್ಲವಂತೆ. ಬೋರ್ಡು ಬೆಂಗಳೂರಿಗೆ ಹೋಗಿ ಬರುವ ಹೊತ್ತಿಗೆ ಮದುವೆಯ ಕಾಲ ಮುಗಿದಿತ್ತು. ಖಾತೆಯಲ್ಲಿ ದುಡ್ಡಿಲ್ಲದೆ ಕಂತು ವಾಪಸ್ಸಾಯಿತು. ಅದಕ್ಕೆ ಬ್ಯಾಂಕಿನವರದ್ದೊಂದು ದಂಡ, ಫೈನಾನ್ಸಿನವರದ್ದೊಂದು ದಂಡ. ಮುಂದಿನ ತಿಂಗಳು ಕಂತಿಗೆಂದು ಇಟ್ಟದ್ದರಲ್ಲಿ ದಂಡವೇ ಮೊದಲು ಮುರಿದುಕೊಂಡು, ಕಂತು ಮತ್ತೆ ವಾಪಸ್ಸು. ಗಾಯದ ಮೇಲೆ ಬರೆ ಎಂದರೆ ಇದೇ.

ಆಮೇಲೆ ಫೋನುಗಳು ಶುರುವಾದವು.

"ತೆಗೀಬೇಡ" ಎಂದರು ನನ್ನ ಗಂಡ. "ಮೋರಿ ಹತ್ರ ಹೋಗದಿದ್ರೆ ರಿಂಗೇ ಆಗಲ್ಲ. ಹೋಗ್ಬೇಡ."

ಹೊಡೆದುಕೊಳ್ಳುವ ಫೋನನ್ನು ನೋಡುತ್ತ ಕೂರುವುದೇ ನನಗೆ ಆಗದು, ಇನ್ನು ಹೊಡೆದುಕೊಳ್ಳಬಹುದಾದ ಫೋನನ್ನು ಬಿಟ್ಟಿರುವುದು ಹೇಗೆ? ಸಂಜೆ ಹಾಲು ಕೊಟ್ಟು ಬರುವಾಗ ಮೋರಿ ಕಟ್ಟೆಯ ಮೇಲೆ ಕೂರುತ್ತಿದ್ದೆ. ಕೂತ ಕೂಡಲೇ ಬರುತ್ತಿತ್ತು. ಮೊದಮೊದಲು ಬೇರೆ ಬೇರೆ ಗಂಡಸರು ಮಾತಾಡಿದರು. ಒಬ್ಬ ಕಿರುಚಿದ, ಮಿಷನ್ ಹೊತ್ತುಕೊಂಡು ಹೋಗುತ್ತೇವೆ ಎಂದ. ಹೆದರಿದೆ ನಿಜ. ಆದರೆ ಆ ಹೆದರಿಕೆಯ ನಡುವೆಯೇ, ಇವನು ಕೂತಿರುವ ಕಡೆ ಹಿಂದೆ ಇನ್ನೂ ಹತ್ತಾರು ಜನ ಕಿರುಚುವುದು ಕೇಳುತ್ತಿದೆಯಲ್ಲ, ಅವರೆಲ್ಲ ಎಷ್ಟು ದೊಡ್ಡ ಕೋಣೆಯಲ್ಲಿ ಕೂತಿರಬಹುದು ಎಂದು ತಲೆಗೆ ಬಂತು. "ನಿಮ್ಗೆ ಅಲ್ಲಿ ಒಬ್ರ ಮಾತು ಒಬ್ರಿಗೆ ಕೇಳಿ ಗೊಂದಲ ಆಗಲ್ವಾ?" ಎಂದು ಕೇಳಿಬಿಟ್ಟೆ. ಆತ ಫೋನ್ ಇಟ್ಟ.

ಕೊನೆಗೆ ನನ್ನ ಸಾಲ ಒಬ್ಬಳೇ ಹುಡುಗಿಯ ಪಾಲಿಗೆ ಬಂತೆಂದು ತೋರುತ್ತದೆ. ಹುಬ್ಬಳ್ಳಿ ಕಡೆಯ ಮಾತು. ಅವಳು ಕಿರುಚುತ್ತಿರಲಿಲ್ಲ, ಆದರೆ ಬಿಡುತ್ತಲೂ ಇರಲಿಲ್ಲ.

"ಯಾವಾಗ ಕಟ್ತೀರಿ, ಒಂದು ತಾರೀಕು ಹೇಳ್ರಿ ಮೇಡಂ. ನಾ ಇಲ್ಲಿ ಬರೀಬೇಕಾಗ್ತದ."

"ಗೌರಿ ಹಬ್ಬದ ಬ್ಲೌಸು ಹೊಲಿದು, ದುಡ್ಡು ಬಂದ್ಮೇಲೆ."

"ಅದು ತಾರೀಕು ಅಲ್ರೀ."

ಹೌದಲ್ಲ ಎನಿಸಿತು. ನಾನು ಸುಳ್ಳು ತಾರೀಕು ಕೊಡಲಿಲ್ಲ. ಅವಳಿಗೆ ಶೀತವಾಗಿತ್ತು, ಮೂಗು ಕಟ್ಟಿದ ದನಿ. ಕಾಳುಮೆಣಸಿನ ಕಷಾಯ ಕುಡಿ ಎಂದೆ. ಆಮೇಲೆ ಅವಳು ದನಿ ತಗ್ಗಿಸಿ ಹೇಳಿದ ಮಾತು ನನ್ನ ಎದೆಗೆ ಬಡಿಯಿತು: "ಮೇಡಂ, ಹೀಂಗ ಆದ್ರ ಆಫೀಸಿನ್ಯಾಗ ನಿಮ್ಮ ರೆಫರೆನ್ಸ್ ನಂಬರಿಗೆ ಮಾಡಂತಾರ್ರೀ. ಒಂದು ನಿಮ್ಮ ಅಣ್ಣಂದು, ಇನ್ನೊಂದು ಲ್ಯಾಂಡ್‌ಲೈನು."

ಅಲ್ಲಿಯವರೆಗೆ ಮಿಷನ್ ಹೋದರೆ ಹೋಗಲಿ ಎನ್ನುವ ಮೊಂಡು ಧೈರ್ಯ ಇತ್ತು. ಅದು ಆ ಗಳಿಗೆಯಲ್ಲಿ ಇಳಿದುಹೋಯಿತು. ಅಣ್ಣ ಬೈಯುತ್ತಾನೆ, ಬೈಯಲಿ. ಟೀಚರ್? ನಾನು ಹೊಲಿಗೆ ಕಲಿತು ಬಂದ ಹೊಸತರಲ್ಲಿ ಯಾರೂ ನನ್ನ ಕೈಗೆ ಹೊಸ ಬಟ್ಟೆ ಕೊಡುತ್ತಿರಲಿಲ್ಲ, ಲಂಗಕ್ಕೆ ಲಾಡಿ ಹಾಕುವ ಕೆಲಸವೇ ಬರುತ್ತಿತ್ತು. ಟೀಚರ್ ತಮ್ಮ ರೇಷ್ಮೆ ಸೀರೆಯ ಬ್ಲೌಸ್ ಪೀಸ್ ತಂದು ಮೇಜಿನ ಮೇಲೆ ಹಾಸಿ, "ಹಾಕು ಕತ್ರಿ" ಎಂದಿದ್ದರು. ತೋಳು ಸೊಟ್ಟವಾಯಿತು. ಇಡೀ ಬ್ಲೌಸು ಬಿಚ್ಚಿ ಮತ್ತೆ ಹೊಲಿದುಕೊಟ್ಟೆ. ಅದನ್ನು ತೊಟ್ಟುಕೊಂಡೇ ಅವರು ಶಾಲೆಯ ಬೀಳ್ಕೊಡುಗೆಯ ದಿನ ವೇದಿಕೆ ಹತ್ತಿದರು. ಮರುದಿನದಿಂದ ನನಗೆ ಬಟ್ಟೆ ಬರಲು ಶುರುವಾಯಿತು. ಅಂಥವರ ಮನೆಗೆ ಫೋನ್ ಮಾಡಿ ಇವಳು ಸಾಲ ತೀರಿಸದವಳು ಎಂದು ಹೇಳಿದರೆ, ನಾನು ಆ ಏರು ಹತ್ತಿ ಅವರ ಮುಖ ನೋಡುವುದು ಹೇಗೆ? ನನಗೆ ಬೇಕಾಗಿದ್ದದ್ದು ಇಷ್ಟೇ, ಆ ಟೀಚರ ಕಣ್ಣಿನಲ್ಲಿ ನಾನು ಸಣ್ಣವಳಾಗಬಾರದು.

ಅಂದಿನಿಂದ ನನ್ನ ಕಿವಿ ಟೀಚರ ಮನೆಯ ಕಡೆಗೇ. ಫೋನು ರಿಂಗಾಗುವುದು ನಮ್ಮ ಜಗಲಿಗೆ ಸಣ್ಣಗೆ ಕೇಳುತ್ತದೆ. ಆಮೇಲೆ ಕೂಗು ಬರಬೇಕು. ಈಗ ಹಾಗಾಗುತ್ತಿರಲಿಲ್ಲ. ರಿಂಗಾಗುತ್ತಿತ್ತು, ಟೀಚರ್ ಮಾತಾಡುವುದು ಕೇಳುತ್ತಿತ್ತು, ಕೆಲವೊಮ್ಮೆ ಜೋರಾಗಿ ನಗುವುದೂ ಕೇಳುತ್ತಿತ್ತು. ಕೂಗು ಮಾತ್ರ ಇಲ್ಲ. ಕೆಳಗಿನ ಮನೆಗೂ ಇಲ್ಲ, ನಮಗೂ ಇಲ್ಲ, ಮೋರಿಯಾಚೆಗೂ ಇಲ್ಲ. ಅಷ್ಟು ಹೊತ್ತು ಅವರ ಜೊತೆ ಮಾತಾಡುವವರು ಯಾರು? ಪೆಡಲು ತುಳಿಯುತ್ತಿದ್ದ ಕಾಲು ಅಲ್ಲಿಗೇ ನಿಲ್ಲುತ್ತಿತ್ತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಅದಕ್ಕೂ ಒಂದು ಕೈ ಮೇಲು, ಯಾರೂ ಏನೂ ಅನ್ನದೆಯೇ ಹೆಗಲು ಮುಟ್ಟಿಕೊಳ್ಳುತ್ತ ಅವರ ಮನೆಗೆ ಹೋಗುತ್ತಿದ್ದೆ. ಒಮ್ಮೆ ಸೂಜಿ ಕೇಳುವ ನೆಪ. ಹೊಲಿಗೆಯವಳು ಸೂಜಿ ಕೇಳಿಕೊಂಡು ಬಂದರೆ ಯಾರು ನಂಬುತ್ತಾರೆ? ಟೀಚರ್ ನಂಬಿದವರಂತೆ ಹುಡುಕಿ ಕೊಟ್ಟರು. ಇನ್ನೊಮ್ಮೆ ಡೇರೆ ಹೂವು ನೋಡುವ ನೆಪ. "ಇದು ಹೊಸ ಬಣ್ಣ ನೋಡು, ಜೋಗದ ಕಡೆಯೋರು ಕೊಟ್ಟಿದ್ದು" ಎಂದು ಗಿಡದಿಂದ ಗಿಡಕ್ಕೆ ಕರೆದುಕೊಂಡು ಹೋದರು. ಫೋನಿನ ಸುದ್ದಿಯೇ ಇಲ್ಲ. "ಫೋನು ತುಂಬಾ ಬರ್ತಿದ್ಯಲ್ಲ ಟೀಚರ್?" ಎಂದು ನಾನೇ ಬಾಯಿಬಿಟ್ಟೆ.

"ಬರ್ತದೆ ಮಾರಾಯ್ತಿ. ಫೋನು ಇರೋದೇ ಬರೋದಕ್ಕೆ ಅಲ್ವಾ?" ಎಂದರು. ಮುಖದಲ್ಲಿ ಏನೂ ಗೊತ್ತಾಗಲಿಲ್ಲ. ನಾಲ್ಕನೇ ಕ್ಲಾಸಿನಲ್ಲಿ ನಾನು ಪಕ್ಕದವಳ ಸ್ಲೇಟು ನೋಡಿ ಬರೆದದ್ದು ಗೊತ್ತಾದಾಗಲೂ ಅವರ ಮುಖ ಹೀಗೇ ಇತ್ತು.

ಆ ವಾರದಲ್ಲೇ ಹುಬ್ಬಳ್ಳಿ ಕಡೆಯ ಹುಡುಗಿ ಮೋರಿ ಕಟ್ಟೆಯಲ್ಲಿ ಫೋನಿಗೆ ಸಿಕ್ಕಾಗ ಇನ್ನೊಂದು ವಿಚಿತ್ರವಾಯಿತು. ದನಿ ಮೆತ್ತಗಾಗಿತ್ತು. "ಮೇಡಂ, ಹೊಲಿಗಿ ಸೊಟ್ಟಾದ್ರ ಇಡೀದು ಬಿಚ್ಚಿ ಮತ್ತ ಹೊಲಿಯೋರಂತಲ್ರಿ ನೀವು. ಹಂಗ ಇದನ್ನೂ ಒಂದ್ಸಲ ಕೂತು ಸರಿ ಮಾಡ್ರಿ. ಸಾಗರ ಆಫೀಸಿಗೆ ಹೋಗ್ರಿ, ತೀರ್ಥಹಳ್ಳಿದೂ ಈಗ ಅಲ್ಲೇ ಸೇರ್ಯದ. ಫೋನ್‌ನ್ಯಾಗ ಯಾರು ಏನ ಹೇಳಿದ್ರೂ ಕೇಳಬ್ಯಾಡ್ರಿ, ಕಾಗದದ ಮ್ಯಾಲೆ ಬರೆಸ್ಕೊಳ್ರಿ."

ಹೊಲಿಗೆ ಬಿಚ್ಚುವ ವಿಷಯ ಇವಳಿಗೆ ಹೇಗೆ ಗೊತ್ತು? ಟೈಲರುಗಳಿಗೆ ಸಾಲ ಕೊಟ್ಟವರು ಟೈಲರುಗಳಿಗೆಲ್ಲ ಹೇಳುವ ಮಾತಿರಬೇಕು ಎಂದು ಸಮಾಧಾನ ಮಾಡಿಕೊಂಡೆ. ಆದರೂ ಮನೆಗೆ ಬಂದು ಅನ್ನಕ್ಕೆ ನೀರಿಡುವಾಗ ಅದೇ ಯೋಚನೆ. ಸಾಗರಕ್ಕೆ ಹೋಗಲು ಮಾತ್ರ ಮನಸ್ಸು ಏಳಲಿಲ್ಲ. ಆ ಕಚೇರಿ ಎಂದರೆ ಪೊಲೀಸ್ ಠಾಣೆಯ ಅಣ್ಣನಂತಿರುತ್ತದೆ ಎಂದು ನನ್ನ ಕಲ್ಪನೆ.

ನನ್ನನ್ನು ಎಬ್ಬಿಸಿದ್ದು ಬೈಕಿನಲ್ಲಿ ಬಂದವನು. ಒಂದು ಬೆಳಿಗ್ಗೆ ಕುತ್ತಿಗೆಗೆ ಗುರುತಿನ ಚೀಟಿ ನೇತು ಹಾಕಿಕೊಂಡ ಗಂಡಸೊಬ್ಬ ನಮ್ಮ ಗೇಟಿನ ಮುಂದೆ ನಿಧಾನ ಮಾಡಿದ. ಬಂತಲ್ಲ ಗ್ರಹಚಾರ ಎಂದು ನಾನು ಸೆರಗು ಸಿಕ್ಕಿಸಿ ಸಿದ್ಧಳಾದೆ. ಅವನು ನಮ್ಮ ಮನೆಗೆ ಬರಲಿಲ್ಲ. ಏರು ಹತ್ತಿ ನೇರ ಟೀಚರ ಅಂಗಳಕ್ಕೆ ಹೋದ.

ನಾನು ಹಿಂಬದಿಯ ಕಾಲುದಾರಿಯಲ್ಲಿ ಓಡಿ, ಬೇಲಿಯ ಈಚೆ ನಿಂತೆ. ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಅವನು ಫೈಲು ತೆಗೆದ. ಟೀಚರ್ ಬೆಲ್ಲ ನೀರು ತಂದಿಟ್ಟರು. ಅವನು ಫೈಲು ಬಿಡಿಸಿದ. ಟೀಚರ್ ಕಡುಬಿನ ತಟ್ಟೆ ತಂದಿಟ್ಟರು. ಫೈಲು ಪಕ್ಕಕ್ಕೆ ಹೋಯಿತು. ಅವನು ತಿನ್ನುವಷ್ಟು ಹೊತ್ತೂ ಟೀಚರೇ ಮಾತಾಡಿದರು, ಅವನು ತಲೆಯಾಡಿಸಿದ. ಹೊರಡುವಾಗ ಅವನ ಕೈಯಲ್ಲೊಂದು ದೊಡ್ಡ ಸೌತೆಕಾಯಿ ಇತ್ತು.

ಮೋರಿಯ ಹತ್ತಿರ ಅಡ್ಡ ಹಾಕಿದೆ. "ನೀವು ಫೈನಾನ್ಸಿನೋರಲ್ವಾ? ಅವರ ಮನೆಗೆ ಯಾಕೆ ಹೋದ್ರಿ? ಸಾಲ ನಂದು."

ಅವನು ಬೈಕ್ ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಹೊಸನಗರದ ಕಡೆಯವನಂತೆ, ಮಾತಿನಲ್ಲಿ ಗೊತ್ತಾಯಿತು. "ನಿಮ್ದು ಒಬ್ರುದ್ದೇ ಅಲ್ಲ ಅಕ್ಕಾ. ಆ ಒಂದು ನಂಬರು ಎಷ್ಟೋ ಜನರ ಲೋನಲ್ಲಿ ಉಂಟು. ಎಲ್ಲಾ ಬಾಕಿ ಇರೋರೇ. ಹೆಡ್ ಆಫೀಸಿನೋರು ಕಂಪ್ಯೂಟರಲ್ಲಿ ನೋಡಿ, ಈ ಹೆಂಗಸು ಯಾರೋ ಗ್ಯಾಂಗಿನ ಲೀಡರ್ ಇರ್ಬೇಕು, ಹೋಗಿ ವಿಚಾರ್ಸು ಅಂದ್ರು."

ಟೀಚರು ಗ್ಯಾಂಗಿನ ಲೀಡರ್! ನಗು ಬಂತು, ಅದರ ಬೆನ್ನಿಗೇ ನಾಚಿಕೆಯೂ ಬಂತು. ಊರಿಗೆಲ್ಲ ಫೋನು ತೆಗೆದುಕೊಟ್ಟ ತಪ್ಪಿಗೆ ಅವರಿಗೆ ಈ ಬಿರುದು.

"ನಮ್ಮ ಹೆಸರು ಹೇಳಿದ್ರಾ ಅವರಿಗೆ?"

"ನಾನೆಲ್ಲಿ ಹೇಳ್ಲಿ? ಅವ್ರು ನಂಗೆ ಮಾತಾಡೋಕೆ ಬಿಟ್ರೆ ತಾನೆ! ನಮ್ಮಪ್ಪ ಯಾವ ಶಾಲೇಲಿ ಓದಿದ್ದು ಅಂತೆಲ್ಲಾ ಕೇಳಿದ್ರು." ಅವನು ಸೌತೆಕಾಯಿಯನ್ನು ಬೈಕಿನ ಚೀಲಕ್ಕೆ ಇಳಿಸಿದ. "ನನ್ ಕೈಗೆ ದುಡ್ಡು ಕೊಡ್ಬೇಡಿ. ಸಾಗರಕ್ಕೆ ಹೋಗಿ ಕೂತು ಮಾತಾಡಿ. ಇಲ್ಲಾಂದ್ರೆ ಆ ಅಮ್ಮಂಗೆ ನೋಟೀಸು ಬರ್ತದೆ."

ಇನ್ಯಾರ ಲೋನಿನಲ್ಲಿ ಆ ನಂಬರಿದೆ ಎಂದು ಕೇಳಲು ನಾಲಿಗೆ ತುರಿಸಿತು. ಕೆಳಗಿನ ಮನೆಯವರದೇ? ಹೊಸ ಟಿವಿ ತಂದ ಮೋರಿಯಾಚೆಯವರದೇ? ಸಂಜೆ ಮೋರಿ ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕೂತು, "ಸೋಮವಾರ ಹಾಕ್ತೀನಿ ಸಾರ್" ಎನ್ನುವ ಎಲ್ಲರ ಮುಖವೂ ಕಣ್ಣ ಮುಂದೆ ಬಂತು. ಅವರು ಬಸ್ಸಿನ ಟಿಕೆಟ್ಟಿನ ದುಡ್ಡಿನ ವಿಷಯ ಮಾತಾಡುತ್ತಿದ್ದಾರೆ ಎಂದು ನಾನು ಅಂದುಕೊಂಡಿದ್ದೆನೇ? ಅಷ್ಟು ಮೂಗು ತೂರಿಸುವವಳಿಗೆ ಇದೊಂದು ಕಾಣದೆ ಹೋಗಿತ್ತು. ನನ್ನಂತೆ ಅವರೂ ನನ್ನಿಂದ ಮುಚ್ಚಿಡುತ್ತಿದ್ದರು. ಕೇಳಬೇಕೆನಿಸಿದರೂ ಕೇಳಲಿಲ್ಲ. ಜೀವನದಲ್ಲಿ ನಾನು ಕೇಳದೆ ಬಿಟ್ಟ ಪ್ರಶ್ನೆಗಳು ಕಡಿಮೆ, ಅದರಲ್ಲಿ ಇದೊಂದು.

ಮಾರನೆಯ ದಿನವೇ ಹೊರಟೆ. ಬೋರ್ಡು ರಿಪೇರಿಯ ಬಿಲ್ಲು, ಬ್ಯಾಂಕಿನ ಪಾಸ್‌ಬುಕ್, ಗೌರಿ ಹಬ್ಬದ ಬ್ಲೌಸುಗಳಿಗೆ ಬಂದ ದುಡ್ಡು, ಎಲ್ಲ ಒಂದು ಚೀಲದಲ್ಲಿ. ಹೊಸನಗರದಲ್ಲಿ ಬಸ್ಸು ಬದಲಿಸಿದೆ. ಕಾಯುವಾಗ ಸುಮ್ಮನೆ ಕೂರಲಾಗದೆ, ಪಕ್ಕದ ಹೆಂಗಸಿನ ಬ್ಲೌಸಿನ ಕುತ್ತಿಗೆ ಯಾರು ಹೊಲಿದದ್ದು ಎಂದು ವಿಚಾರಿಸಿಕೊಂಡೆ. ಭಯವಾದಾಗ ನನ್ನ ಬಾಯಿ ಇನ್ನೂ ಹೆಚ್ಚು ಓಡುತ್ತದೆ.

ಸಾಗರದ ಕಚೇರಿ ಒಂದು ಬೇಕರಿಯ ಮೇಲಿತ್ತು. ಠಾಣೆಯ ಅಣ್ಣನೂ ಅಲ್ಲ, ತಮ್ಮನೂ ಅಲ್ಲ. ಮೆಟ್ಟಿಲಿಡೀ ಬೆಣ್ಣೆ ಬಿಸ್ಕತ್ತಿನ ವಾಸನೆ. ಒಳಗೆ ನಾಲ್ಕು ಮೇಜು, ಲಕ್ಷ್ಮಿಯ ಪಟ, ಕೆಟ್ಟುನಿಂತ ನೀರಿನ ಫಿಲ್ಟರು. ಮ್ಯಾನೇಜರು ಕನ್ನಡಕ ಹಣೆಗೇರಿಸಿಕೊಂಡು ಫೋನಿನಲ್ಲಿ ಮನೆಯವರ ಹತ್ತಿರ ಮಾತಾಡುತ್ತಿದ್ದರು: "ಆನು ಬಪ್ದು ತಡ ಆಗ್ತು, ನೀ ಊಟ ಮಾಡು." ತೋಟದ ಮನೆಗಳ ಆ ಮಾತು ಕೇಳಿದ್ದೇ ನನ್ನ ಹೆದರಿಕೆ ಅರ್ಧ ಇಳಿಯಿತು. ಊಟಕ್ಕೆ ತಡವಾಗುತ್ತದೆ ಎಂದು ಹೆಂಡತಿಗೆ ಹೇಳುವ ಗಂಡಸು ನನ್ನ ಮಿಷನ್ ಹೊತ್ತುಕೊಂಡು ಹೋಗಲಾರ ಎನಿಸಿತು.

ಅವರು ನನ್ನ ಬಾಕಿಯ ಕಾಗದ ತೆಗೆದು ಮುಂದಿಟ್ಟರು. ನಾನು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಕೇಳಿದೆ. ಇದೇನು? ಕಂತು. ಇದೇನು? ತಡವಾದ ದಂಡ. ಇದೇನು? ದಂಡದ ಮೇಲಿನ ತೆರಿಗೆ. ಇದು? ಮನೆ ಭೇಟಿಯ ಶುಲ್ಕ.

"ಯಾರ ಮನೆ ಭೇಟಿ?"

"ನಿಮ್ಮನೇದೆ. ನಮ್ಮ ಹುಡುಗ ಬಂದಿದ್ನಲ್ಲ, ನಿನ್ನೆ."

ಸಿಟ್ಟು ನೆತ್ತಿಗೇರಿತು. "ನಮ್ಮನೆಗೆ ಎಲ್ಲಿ ಬಂದಿದ್ರು? ಅವರು ಹೋಗಿದ್ದು ಟೀಚರ ಮನೆಗೆ. ಕಡುಬು ತಿಂದಿದ್ದು ಅಲ್ಲಿ, ಸೌತೆಕಾಯಿ ತಗಂಡಿದ್ದು ಅಲ್ಲಿ. ಶುಲ್ಕ ನಂಗಾ? ಹಂಗಾದ್ರೆ ಟೀಚರಿಗೆ ಕಡುಬಿನ ದುಡ್ಡು ಕೊಡಿ ಮೊದ್ಲು."

ಪಕ್ಕದ ಮೇಜಿನವಳು ಬಾಯಿಗೆ ಕೈ ಅಡ್ಡ ಹಿಡಿದಳು. ಮ್ಯಾನೇಜರು ಕನ್ನಡಕ ಇಳಿಸಿ ನನ್ನನ್ನು ನೋಡಿದರು, ಆಮೇಲೆ ಆ ಸಾಲಿಗೆ ಗೀಟು ಹಾಕಿದರು. ಒಂದು ಗೀಟು ಬಿದ್ದ ಮೇಲೆ ಮಾತು ಸಲೀಸಾಯಿತು. ಸಿಡಿಲಿನ ಕಥೆ ಹೇಳಿ ರಿಪೇರಿ ಬಿಲ್ಲು ತೋರಿಸಿದೆ. ಅವರ ಮನೆಯಲ್ಲೂ ಸಿಡಿಲಿಗೆ ಫ್ರಿಜ್ಜು ಹೋಗಿತ್ತಂತೆ, ಅದನ್ನು ಅವರು ಹೇಳಿದರು.

ಎರಡು ದಾರಿ ಇದೆ ಎಂದರು. ಒಂದು, ಸೆಟಲ್‌ಮೆಂಟ್. ಒಂದಿಷ್ಟು ಒಮ್ಮೆಗೇ ಕಟ್ಟಿ ಉಳಿದದ್ದು ಬಿಟ್ಟುಬಿಡುವುದು. ಆದರೆ ಪೂರ್ತಿ ಕಟ್ಟದವಳು ಎಂದು ದಾಖಲೆಯಲ್ಲಿ ನಿಲ್ಲುತ್ತದೆ, ಮುಂದೆ ಎಲ್ಲೂ ಸಾಲ ಹುಟ್ಟುವುದು ಕಷ್ಟ. ಇನ್ನೊಂದು, ದಂಡವನ್ನು ಆದಷ್ಟು ಕಡಿಮೆ ಮಾಡಿ, ಉಳಿದ ಬಾಕಿಯನ್ನು ಸಣ್ಣ ಕಂತುಗಳಾಗಿ ಹೆಚ್ಚು ತಿಂಗಳಿಗೆ ಹಂಚುವುದು. ಬಡ್ಡಿ ಒಟ್ಟಿನಲ್ಲಿ ಸ್ವಲ್ಪ ಜಾಸ್ತಿಯೇ ಬೀಳುತ್ತದೆ. ಅರ್ಧ ಕಟ್ಟಿ ಕೈತೊಳೆದುಕೊಳ್ಳುವ ಆಸೆ ಆಗಲಿಲ್ಲ ಎಂದರೆ ಸುಳ್ಳು. ಆದರೆ ಸೊಟ್ಟ ತೋಳನ್ನು ಹಾಗೇ ಬಿಟ್ಟು ಮೇಲೆ ಲೇಸು ಹಚ್ಚಿ ಮುಚ್ಚಿದ ಹಾಗಾಗುತ್ತದೆ ಎನಿಸಿತು. ಬಿಚ್ಚಿಯೇ ಹೊಲಿಯುತ್ತೇನೆ ಎಂದುಕೊಂಡು ಎರಡನೆಯದಕ್ಕೆ ಒಪ್ಪಿದೆ.

"ಇಮೇಲ್ ಮಾಡ್ತೀವಿ" ಎಂದರು.

"ನಮ್ಮನೇಲಿ ಗಾಳಿನೇ ಸರಿಯಾಗಿ ಬರಲ್ಲ, ಇಮೇಲ್ ಎಲ್ಲಿಂದ ಬರ್ತದೆ? ಕಾಗದ ಕೊಡಿ. 'ಇನ್ನು ಇಷ್ಟೇ' ಅಂತ ಬರೀರಿ. ಸೀಲು ಹಾಕಿ."

ಸೀಲು ಬಿದ್ದ ಮೇಲೆ ಗೌರಿ ಹಬ್ಬದ ದುಡ್ಡಿನಿಂದ ಮೊದಲ ಕಂತು ಕಟ್ಟಿ ರಸೀದಿ ತೆಗೆದುಕೊಂಡೆ. ಕೊನೆಗೆ, ನಾನು ಬಂದದ್ದೇ ಯಾವುದಕ್ಕೋ ಅದನ್ನು ಕೇಳಿದೆ. "ಆ ಲ್ಯಾಂಡ್‌ಲೈನ್ ನಂಬರು ತೆಗೀರಿ. ಅವರು ಯಾವ ಗ್ಯಾಂಗೂ ಅಲ್ಲ. ನಮ್ಮೂರಲ್ಲಿ ಎಲ್ಲರೂ ಎಲ್ಲದಕ್ಕೂ ಅದೇ ನಂಬರು ಕೊಡ್ತೀವಿ. ತಪ್ಪು ನಮ್ದು, ಅವರ್ದಲ್ಲ. ನೋಟೀಸು ಕಳಿಸ್ಬೇಡಿ."

"ಹಂಗೋ ವಿಷ್ಯ!" ಎಂದರು ಮ್ಯಾನೇಜರು. ಅವರು ಹೆಡ್ ಆಫೀಸಿಗೆ ಬರೆಯುತ್ತೇನೆಂದು ನನ್ನೆದುರೇ ಬರೆದರು, ನಂಬರು ತೆಗೆದು ನನ್ನ ಗಂಡನ ಮೊಬೈಲ್ ನಂಬರು ಹಾಕಿದರು. ಹೊರಗೆ ಬಂದು ಬೇಕರಿಯಲ್ಲಿ ಬೆಣ್ಣೆ ಬಿಸ್ಕತ್ತು ಕಟ್ಟಿಸಿಕೊಂಡೆ. ಸಾಲಗಾರಳಿಗೆ ಬಿಸ್ಕತ್ತು ಬೇರೆ ಕೇಡು ಎಂದು ನನಗೆ ನಾನೇ ಬೈದುಕೊಂಡೆ. ಆದರೆ ಅದು ನನಗಲ್ಲ, ಟೀಚರಿಗೆ. ಬರಿಗೈಯಲ್ಲಿ ಹೋಗಿ ತಪ್ಪೊಪ್ಪಿಕೊಳ್ಳುವುದು ಹೇಗೆ?

ದಾರಿಯುದ್ದಕ್ಕೂ ಮಾತು ಜೋಡಿಸಿದೆ. ಟೀಚರ್, ನಿಮಗೆ ಹೇಳದೆ ನಿಮ್ಮ ನಂಬರು ಕೊಟ್ಟೆ. ಟೀಚರ್, ನಾನು ಕಂತು ತಪ್ಪಿಸಿದೆ. ಬೇರೆಯವರು ಹೇಳುವ ಮುಂಚೆ ನನ್ನ ಬಾಯಿಂದಲೇ ಕೇಳಲಿ ಎಂದು ಬಸ್ಸಿಳಿದವಳು ಮನೆಗೂ ಹೋಗದೆ ನೇರ ಏರು ಹತ್ತಿದೆ.

ಟೀಚರ್ ಫೋನಿನಲ್ಲಿದ್ದರು. ಕುರ್ಚಿ ಎಳೆದುಕೊಂಡು, ಮಡಿಲಲ್ಲಿ ಹುರುಳಿಕಾಯಿಯ ಬುಟ್ಟಿ ಇಟ್ಟುಕೊಂಡು, ನಾರು ಬಿಡಿಸುತ್ತ ಮಾತಾಡುತ್ತಿದ್ದರು. ಕೂತಿದ್ದ ರೀತಿ ನೋಡಿದರೆ ಫೋನು ಬಂದು ಬಹಳ ಹೊತ್ತಾಗಿತ್ತು.

"ಜ್ವರ ಬಿಡ್ತಾ ಹಂಗಾದ್ರೆ? ಕಷಾಯ ಬಿಡ್ಬೇಡ... ಹ್ಞಾ, ಅವ್ನ ವಿಷ್ಯನಾ? ಕಟ್ತಾನೆ ಮಗಾ. ನಾನು ಹೇಳ್ತೀನಿ ಕೇಳು. ಕ್ಲಾಸಿಗೆ ದಿನಾ ತಡವಾಗಿ ಬರ್ತಿದ್ದ. ಆದ್ರೆ ಒಂದು ದಿನಾನೂ ತಪ್ಪಿಸ್ಲಿಲ್ಲ. ಅಂಥೋನು ಅವ್ನು. ನಿನ್ ಮೇಲಿನೋರಿಗೆ ಹಂಗೇ ಹೇಳು."

ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಟೀಚರ್ ತಲೆಯೆತ್ತಿ ನನ್ನನ್ನು ನೋಡಿದರು. ಫೋನಿನ ಬಾಯಿಗೆ ಅಂಗೈ ಒತ್ತಿ ಹಿಡಿದು ಹೇಳಿದರು:

"ಬಂದ್ಯಾ? ಕೂತ್ಕ. ಇದು ನಿಂದಲ್ಲ, ಬೇರೆಯೋರದ್ದು."

ಬಸ್ಸಿನಲ್ಲಿ ಜೋಡಿಸಿದ ಮಾತೆಲ್ಲ ಅಲ್ಲೇ ಉದುರಿತು. ನಾನು ಬೆಂಚಿನ ಮೇಲೆ ಕೂತು ಬಿಸ್ಕತ್ತಿನ ಪೊಟ್ಟಣ ಹಿಡಿದುಕೊಂಡು ಅತ್ತೆ. ಇಡೀ ಬ್ಲೌಸು ಬಿಚ್ಚಿ ಹೊಲಿದವಳು ಎಂದು ಹುಬ್ಬಳ್ಳಿಯವರೆಗೆ ಹೇಳಿದವರು ಯಾರೆಂದು ಈಗ ಗೊತ್ತಾಯಿತು. ನಾನು ಮೋರಿ ಕಟ್ಟೆಯ ಮೇಲೆ ಹೆದರಿ ಕೂತಿದ್ದ ಸಂಜೆಗಳಲ್ಲಿ, ಇಲ್ಲಿ ಈ ಕುರ್ಚಿಯಲ್ಲಿ, ಒಬ್ಬೊಬ್ಬರ ಸಾಲದ ಫೋನೂ ಬಂದು ಹೋಗಿತ್ತು.

ಟೀಚರ್ ಫೋನಿಟ್ಟು ಬಂದರು. ನಾನು ಅಳುವುದನ್ನು ಕಂಡೂ ಕಾಣದವರಂತೆ ಪೊಟ್ಟಣ ಬಿಚ್ಚಿ ಒಂದು ಬಿಸ್ಕತ್ತು ಕಡಿದರು. "ಸಾಗರದ್ದಾ? ಚೆನ್ನಾಗಿದೆ. ಕಾಗದದಲ್ಲಿ ಬರೆಸ್ಕೊಂಡ್ಯಾ?"

"ಬರೆಸ್ಕೊಂಡೆ. ನಿಮ್ಮ ನಂಬರೂ ತೆಗೆಸ್ದೆ ಟೀಚರ್."

"ಯಾಕೆ ತೆಗೆಸ್ದೆ?" ನಿಜಕ್ಕೂ ಸಿಟ್ಟು ಬಂದಿತ್ತು ಅವರಿಗೆ. "ಆ ಹುಡ್ಗಿ ನಾಳೆ ನಿನ್ ಸುದ್ದಿ ಯಾರ ಹತ್ರ ಕೇಳ್ಬೇಕು?"

ನಾನು ಮೂಗು ಒರೆಸಿಕೊಂಡೆ. ತಡವಾಗಿ ಬರುತ್ತಿದ್ದವನು ಯಾರೆಂದು ಕೇಳಿದರೆ ಅವರು ಹೇಳುವುದಿಲ್ಲ ಎಂದು ಗೊತ್ತಿತ್ತು. ಅದಕ್ಕೆ ಇನ್ನೊಂದನ್ನು ಕೇಳಿದೆ. "ಇಷ್ಟು ದಿನ ಅಷ್ಟೆಲ್ಲಾ ಫೋನು ಬಂತಲ್ಲ ಟೀಚರ್. ಒಂದ್ಸಲನಾದ್ರೂ ನಂಗೆ ಯಾಕೆ ಕೂಗು ಹಾಕ್ಲಿಲ್ಲ?"

ಟೀಚರ್ ಬುಟ್ಟಿಯ ಅರ್ಧ ಹುರುಳಿಕಾಯಿಯನ್ನು ನನ್ನ ಮುಂದೆ ಸುರಿದರು.

"ಕೂಗು ಹಾಕಿದ್ರೆ ಊರಿಗೇ ಕೇಳ್ತದಲ್ಲೇ ಮಾರಾಯ್ತಿ" ಎಂದರು. "ತಗ, ನಾರು ಬಿಡಿಸು."